ಚರ್ಮದ ಕಾಲುಚೀಲ

ಮನುಷ್ಯರ ಮುಖಕ್ಕಿಂತ ಮೊದಲು ಕಾಲನ್ನು ನೋಡುವ ಚಾಳಿ ನಮ್ಮ ಮನೆಗೆ ಅಂಟಿಕೊಂಡದ್ದು ದೊಡ್ಡಪ್ಪ ತೀರಿಹೋದ ಮೇಲೆ. ದೊಡ್ಡಪ್ಪ ಎಂದರೆ ನನ್ನ ಬಾಪನ ಅಣ್ಣ. ಅಪ್ಪನಿಗೆ ನಾವು ಬಾಪ ಎನ್ನುತ್ತೇವೆ, ಅಮ್ಮನಿಗೆ ಉಮ್ಮ. ಅಣ್ಣ ತಮ್ಮ ಇಬ್ಬರಿಗೂ ಸಕ್ಕರೆ ಕಾಯಿಲೆ. ದೊಡ್ಡಪ್ಪನ ಹೆಬ್ಬೆರಳು ಮೊದಲು ಕಪ್ಪಾಯಿತು. ಬೆರಳು ತೆಗೆದರು. ಆಮೇಲೆ ಅರ್ಧ ಪಾದ ತೆಗೆದರು, ಆಮೇಲೆ ಮೊಣಕಾಲಿನಿಂದ ಕೆಳಗೆ ಇದ್ದದ್ದನ್ನೆಲ್ಲ ತೆಗೆದರು. ಅಷ್ಟು ಕೊಟ್ಟರೂ ಮನುಷ್ಯ ಉಳಿಯಲಿಲ್ಲ. ಮಯ್ಯಿತ್ತಿಗೆ, ಅಂದರೆ ಶವಕ್ಕೆ, ಸ್ನಾನ ಮಾಡಿಸಿದವರಲ್ಲಿ ಬಾಪನೂ ಒಬ್ಬರು. ನಮಾಜಿಗೆ ಮುಂಚೆ ನಾವು ಕೈ, ಬಾಯಿ, ಮುಖ, ಕಾಲು ತೊಳೆದು ಶುದ್ಧವಾಗುತ್ತೇವಲ್ಲ, ಅದಕ್ಕೆ ವುಜೂ ಎನ್ನುತ್ತಾರೆ. ತೀರಿಕೊಂಡವರಿಗೂ ಅದನ್ನು ಮಾಡಿಸಬೇಕು. ಹೊರಗೆ ಬಂದ ಬಾಪ ಉಮ್ಮನ ಹತ್ತಿರ, "ಎಡಗಾಲಿಗೆ ಹಾಕಲಿಕ್ಕೆ ನೀರು ತಗೊಂಡೆ. ಹಾಕಲಿಕ್ಕೆ ಕಾಲೇ ಇಲ್ಲ ಮಾರಾಯ್ತಿ" ಎಂದರು. ಮತ್ತೆಂದೂ ಆ ಮಾತನ್ನು ಎತ್ತಲಿಲ್ಲ.

ನಾವಿರುವುದು ಮುಂಬಯಿ ಹತ್ತಿರದ ಕಲ್ಯಾಣದಲ್ಲಿ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನ ವಾಸನೆ ಬರುವ ಕಡೆಯ ಒಂದು ಹಳೇ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ. ಬಾಪ ಉಡುಪಿ ಕಡೆಯಿಂದ ಮೀಸೆ ಮೂಡುವ ಮುಂಚೆಯೇ ಇಲ್ಲಿಗೆ ಬಂದವರು. ಈಗ ಭಿವಂಡಿಯ ಒಂದು ಗೋಡೌನಿನಲ್ಲಿ ಗೇಟ್ ಸೂಪರ್‌ವೈಸರ್. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಕೆಳಗೆ ಉಡುಪಿ ಹೋಟೆಲು ನಡೆಸುವ ಮಾಮನ ಜೊತೆ ಬಾಪನದು ತುಳು. ನನ್ನ ತಮ್ಮ ಬಾಯಿ ತೆರೆದರೆ ಹಿಂದಿ. ಕನ್ನಡ ಉಳಿದಿರುವುದು ಬಾಪ ಹೋಟೆಲಿನಿಂದ ತಂದು ಓದುವ ಪೇಪರಿನಲ್ಲಿ, ಮತ್ತು ಅದನ್ನು ಓದಿ ಓದಿಯೇ ಅಕ್ಷರ ಕಲಿತ ನನ್ನಲ್ಲಿ. ಹಾಗಾಗಿ ಇಲ್ಲಿ ಎಲ್ಲರೂ ಕನ್ನಡದಲ್ಲಿ ಮಾತಾಡಿದರೆ ಅದು ನನ್ನ ದರ್ಬಾರು ಎಂದು ತಿಳಿಯಿರಿ.

ನಮ್ಮಲ್ಲಿ ಬೇರೆ ಬಚ್ಚಲುಮನೆ ಇಲ್ಲ. ಅಡುಗೆಮನೆಯ ಮೂಲೆಯಲ್ಲೇ ಗೇಣೆತ್ತರದ ಕಟ್ಟೆ ಕಟ್ಟಿದ ಮೋರಿ, ಪಕ್ಕದಲ್ಲಿ ಬೆಳಗಿನ ನಳದ ನೀರು ತುಂಬಿಟ್ಟ ನೀಲಿ ಡ್ರಮ್ಮು. ಸ್ನಾನಕ್ಕೆ ಪರದೆ ಎಳೆಯುತ್ತೇವೆ. ವುಜೂಗೆ ಎಂಥ ಪರದೆ? ಬಾಪ ಪ್ಲಾಸ್ಟಿಕ್ ಮಣೆಯ ಮೇಲೆ ಕೂತು ಎಲ್ಲರೆದುರೇ ಮಾಡುತ್ತಿದ್ದರು. ಮೊದಲು ಕೈ, ಆಮೇಲೆ ಬಾಯಿ ಮುಕ್ಕಳಿಸಿ, ಮೂಗಿಗೆ ನೀರೆಳೆದು, ಮುಖ, ಮೊಣಕೈವರೆಗೆ ತೋಳು, ಒದ್ದೆ ಕೈಯಲ್ಲಿ ತಲೆ, ಕಿವಿ. ಕೊನೆಗೆ ಕಾಲು. ಅಲ್ಲಿಗೆ ಬಂದಾಗ ಬಾಪ ನಿಧಾನವಾಗುತ್ತಿದ್ದರು. ಎಡಗೈಯ ಕಿರುಬೆರಳನ್ನು ಕಾಲ್ಬೆರಳುಗಳ ಒಂದೊಂದು ಸಂದಿಗೂ ತೂರಿಸಿ ಉಜ್ಜುತ್ತಿದ್ದರು. ಎಲ್ಲಾದರೂ ಸಾಸಿವೆಯಷ್ಟು ಜಾಗಕ್ಕೆ ನೀರು ತಾಗದೆ ಉಳಿದರೆ ವುಜೂ ಆಗಲಿಲ್ಲ ಎಂದೇ ಲೆಕ್ಕ. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತ ಉಮ್ಮ ಆ ಕಾಲುಗಳನ್ನು ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ನೋಡುತ್ತೇವೆಂದು ಬಾಪನಿಗೂ ಗೊತ್ತಿತ್ತು. ಕೆಲವೊಮ್ಮೆ ಕಾಲು ಎತ್ತಿ ಉಮ್ಮನ ಕಡೆ ತಿರುಗಿಸಿ, "ಪಾಸಾ, ಫೇಲಾ?" ಎಂದು ಕೇಳಿ ನಗುತ್ತಿದ್ದರು.

ಸಕ್ಕರೆಗೆ ಮಾತ್ರೆ ಬರೆಯುವ ಡಾಕ್ಟರು ಒಮ್ಮೆ, "ಚಾಚಾ, ಕಾಲು ದಿನಾ ನೋಡ್ಕೊಳ್ತೀರಿ ತಾನೆ?" ಎಂದು ಕೇಳಿದ್ದರು.

"ಐದು ಹೊತ್ತೂ ತೊಳೀತೇನೆ ಡಾಕ್ಟ್ರೇ."

"ಹಾಗಾದ್ರೆ ನಾನು ನಿಮಗೆ ಹೇಳೋದು ಏನಿದೆ!" ಎಂದು ಡಾಕ್ಟರು ನಕ್ಕರು. ಅಂದಿನಿಂದ ಆ ಕ್ಲಿನಿಕ್ಕಿನಲ್ಲಿ ಬಾಪನಿಗೆ ಯಾರೂ ಬೂಟು ಬಿಚ್ಚಲು ಹೇಳಲಿಲ್ಲ. ನಮಗೂ ಅದು ಹೆಮ್ಮೆಯ ವಿಷಯವಾಗಿತ್ತು.

ಚಳಿಗಾಲದಲ್ಲಿ ತಮ್ಮ ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೋಗಿ ಬಂದ. ಅವನಿರುವುದು ನವಿ ಮುಂಬಯಿಯಲ್ಲಿ, ತಳೋಜಾದ ಹೊಸ ಫ್ಲ್ಯಾಟಿನಲ್ಲಿ. ಬರುವಾಗ ಖರ್ಜೂರ, ಜಂಜಂ ನೀರು, ಜೊತೆಗೆ ಬಾಪನಿಗೆಂದು ಒಂದು ಜೊತೆ ಚರ್ಮದ ಕಾಲುಚೀಲ ತಂದ. ಕಪ್ಪಗೆ, ಮೆತ್ತಗೆ, ಹರಡಿನ ಮೇಲಿನವರೆಗೆ ಬರುವಂಥದ್ದು, ಬದಿಯಲ್ಲಿ ಜಿಪ್ಪು. ತಂದದ್ದಲ್ಲದೆ ಅದರ ಮೇಲೆ ಒಂದು ಪ್ರವಚನವನ್ನೂ ಕೊಟ್ಟ. ಪೂರ್ತಿ ವುಜೂ ಮಾಡಿ, ಕಾಲು ತೊಳೆದು ಇದನ್ನು ಹಾಕಿಕೊಂಡರೆ ಆಮೇಲಿನ ವುಜೂಗಳಿಗೆ ಕಾಲು ತೊಳೆಯಬೇಕಾಗಿಲ್ಲ. ಒದ್ದೆ ಬೆರಳುಗಳನ್ನು ಚರ್ಮದ ಮೇಲೆ ಒಂದು ಸಲ ಎಳೆದರೆ ಸಾಕು. ಊರಲ್ಲೇ ಇರುವವನಿಗೆ ಒಂದು ಹಗಲು ಒಂದು ರಾತ್ರಿ ಇದು ನಡೆಯುತ್ತದೆ. ಅಷ್ಟಾದ ಮೇಲೆ ಬಿಚ್ಚಿ ತೊಳೆಯಬೇಕು. ಚಳಿಯಲ್ಲಿ, ಪ್ರಯಾಣದಲ್ಲಿ, ವಯಸ್ಸಾದವರಿಗೆ ಇದೊಂದು ಸವಲತ್ತು.

"ಕಲ್ಯಾಣದಲ್ಲಿ ಎಂಥ ಚಳಿ ಮಾರಾಯ? ಫ್ಯಾನು ಎರಡರಲ್ಲಿಟ್ಟರೆ ಅದೇ ಇಲ್ಲಿಯ ಚಳಿಗಾಲ" ಎಂದು ಬಾಪ ಅದನ್ನು ಕಪಾಟಿನಲ್ಲಿಟ್ಟರು.

ಅದೇ ಹೊತ್ತಿಗೆ ಗೋಡೌನಿನಲ್ಲಿ ಹೊಸ ಕಾನೂನು ಬಂತು. ಗೇಟಿನವರೂ ಸೇಫ್ಟಿ ಬೂಟು ಹಾಕಬೇಕು, ಮುಂದೆ ಕಬ್ಬಿಣದ ಟೊಪ್ಪಿ ಇರುವಂಥದ್ದು. ಬಾಪ ಸ್ವಲ್ಪ ದಿನ ಆ ಬೂಟಿಗೆ ಬಾಯಿಗೆ ಬಂದಂತೆ ಬೈದರು. ಬಿಗಿ, ಭಾರ, ಎಮ್ಮೆಗೆ ಹಾಕುವಂಥದ್ದು ಎಂದೆಲ್ಲ. ಆಮೇಲೆ ಒಂದು ದಿನ ಬೈಯುವುದು ನಿಂತುಹೋಯಿತು. ನಮ್ಮ ಬಾಪ ಯಾವುದನ್ನಾದರೂ ಬೈಯುವುದು ಬಿಟ್ಟರೆ ಅದರ ಹಿಂದೆ ಏನೋ ಉಂಟು ಎಂದು ಅರ್ಥ. ಅದರ ಹಿಂದಿನ ಶುಕ್ರವಾರದ ಜುಮ್ಮಾದಿಂದ ಕಪಾಟಿನಲ್ಲಿದ್ದ ಚರ್ಮದ ಕಾಲುಚೀಲ ಅವರ ಕಾಲಿಗೆ ಬಂದಿತ್ತು.

ನನಗೆ ಮೊದಲು ಗೊತ್ತಾದದ್ದು ಸದ್ದಿನಿಂದ. ಹಾಸಿಗೆಯಲ್ಲಿದ್ದಾಗಲೇ ಬೆಳಗಿನ ವುಜೂವಿನ ಸದ್ದು ಕೇಳಿ ನನಗೆ ಅಭ್ಯಾಸ. ಮುಕ್ಕಳಿಸಿ ಉಗುಳುವ ಸದ್ದು, ಮೂಗಿನ ಸದ್ದು, ಕೊನೆಗೆ ಕಾಲಿಗೆ ಸುರಿದ ನೀರು ಮೋರಿಯ ತೂತಿನಲ್ಲಿ ಗುಳುಗುಳು ಇಳಿಯುವ ಸದ್ದು. ಈಗ ಆ ಕೊನೆಯದು ಇಲ್ಲ. ಕಿವಿ ಒರೆಸಿಕೊಂಡ ಮೇಲೆ ಒಂದು ಕ್ಷಣ ಮೌನ, ಆಮೇಲೆ ಬಾಪ ಎದ್ದು ಬರುವ ಸದ್ದು. ಕಾರಣ ಗೊತ್ತಿದ್ದರೂ ಆ ಮೌನ ನನಗೆ ಸರಿಬರಲಿಲ್ಲ.

ಉಳಿದವರಿಗೆ ಸರಿಬಂತು. ಡ್ರಮ್ಮಿನ ನೀರು ಸಂಜೆಯವರೆಗೂ ಉಳಿಯುತ್ತದೆ ಎಂದು ಉಮ್ಮನಿಗೆ ಖುಷಿ. ತಾನು ತಂದದ್ದನ್ನು ಬಾಪ ಹಾಕಿಕೊಂಡರಲ್ಲ ಎಂದು ತಮ್ಮನಿಗೆ ನೆಲ ಕಾಣುತ್ತಿರಲಿಲ್ಲ. ಸಂಜೆ ಬಾಪನ ಜೊತೆ ಸಕ್ಕರೆ ಇಲ್ಲದ ಚಾ ಕುಡಿಯುವ ಹೋಟೆಲ್ ಮಾಮ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, "ನಿಮ್ಮದರಲ್ಲಿ ಎಷ್ಟು ಚಂದ ವ್ಯವಸ್ಥೆ ಮಾಡಿದ್ದಾರೆ ನೋಡು. ನಾನು ದೀಪ ಹಚ್ಚಲಿಕ್ಕೆ ಈ ಮಂಡಿನೋವಲ್ಲಿ ಬಗ್ಗಿ ಕಾಲು ತೊಳೀಬೇಕು. ನಮಗೂ ಒಂದು ಹೀಗೆ ಇರ್ತಿದ್ರೆ" ಎಂದರು. ನಾನು ನಕ್ಕೆ. ಮಾಮನ ಮಾತಿಗೆ ನಗದೆ ಇರಲು ಆಗುವುದಿಲ್ಲ.

ರಂಜಾನ್ ಬಂತು. ಬಾಪ ಪ್ರತಿ ರಾತ್ರಿ ಮಸೀದಿಗೆ ಹೋಗಿ ತರಾವೀಹ್ ಎಂಬ ಉದ್ದದ ನಮಾಜನ್ನು ಪೂರ್ತಿ ನಿಂತೇ ಮುಗಿಸಿ ಬಂದರು. ಬಂದವರು ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಉಪವಾಸ, ವಯಸ್ಸು ಎಂದೆವು. ಹಬ್ಬ ಕಳೆಯಿತು, ಬೇಸಿಗೆ ಬಂತು. ಕಲ್ಯಾಣದ ಬೇಸಿಗೆ ಏನೆಂದು ಇಲ್ಲಿದ್ದವರಿಗೇ ಗೊತ್ತು: ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಬಿಸಿಯಾಗುತ್ತದೆ, ಫ್ಯಾನು ಬೀಸುವುದು ಬಿಸಿಗಾಳಿಯನ್ನೇ. ಮನೆಯ ನಾಲ್ಕು ಗೋಡೆಯ ನಡುವೆ ಬರಿಗಾಲಲ್ಲಿ ನಡೆದರೂ ಬೆವರುತ್ತಿದ್ದೆವು. ಬಾಪನ ಕಾಲಲ್ಲಿ ಮಾತ್ರ ಆ ಕಪ್ಪು ಚರ್ಮ.

"ಬಾಪ, ಈ ಸೆಕೆಗೆ ಅದನ್ನ ಬಿಚ್ಚಿ."

"ಅಭ್ಯಾಸ ಆಗಿದೆ ಮಗಳೇ."

"ಕಾಲು ಬೆವರುವುದಿಲ್ವಾ?"

"ನಂಗೆ ಏನೂ ಗೊತ್ತಾಗುದಿಲ್ಲ."

ಅತ್ತರಿನ ವಾಸನೆ ಶುರುವಾದದ್ದು ಆಗ. ಜುಮ್ಮಾ ದಿನ ಬಿಟ್ಟರೆ ಅತ್ತರು ಮುಟ್ಟದ ಮನುಷ್ಯ ಈಗ ದಿನಾ ಹಚ್ಚುತ್ತಿದ್ದರು, ಅದೂ ಕತ್ತಿಗೆ ಹಚ್ಚಿದರೆ ಬರುವಷ್ಟಲ್ಲ, ಇಡೀ ಕೋಣೆ ಉಸಿರುಗಟ್ಟುವಷ್ಟು. ಗುಲಾಬಿಯ ಆ ಘಾಟಿನ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಮೀನಿನ ತೊಟ್ಟಿ ತೊಳೆದ ನೀರು ಎಂದು ಮೊದಲು ಅಂದುಕೊಂಡೆ. ಮೋರಿಗೆ ಫಿನಾಯಿಲ್ ಸುರಿದೆ, ಕಸದ ಡಬ್ಬಿ ಉಜ್ಜಿದೆ, ಕಪಾಟಿನ ಹಿಂದೆ ಇಲಿ ಸತ್ತಿದೆಯೇ ಎಂದು ಟಾರ್ಚು ಹಾಕಿ ಹುಡುಕಿದೆ. ವಾಸನೆ ಹೋಗಲಿಲ್ಲ. ಬಾಪ ಭಿವಂಡಿಗೆ ಹೋದ ಮೇಲೆ ಮಾತ್ರ ಕಡಿಮೆಯಾಗುತ್ತಿತ್ತು. ಅದು ನನ್ನ ತಲೆಗೆ ಹೊಳೆದ ದಿನ ಕೈಯಲ್ಲಿದ್ದ ಟಾರ್ಚು ಹಾಗೇ ಉರಿಯುತ್ತ ಉಳಿಯಿತು. ನನಗೆ ಭಯವಾಯಿತು. ಒಂಟಿಯಾಗಿ ಅಡುಗೆಮನೆಯಲ್ಲಿ ನಿಂತು ದೊಡ್ಡಪ್ಪನ ಮುಖ ನೆನಪಿಸಿಕೊಳ್ಳಲು ಹೋದರೆ ಮುಖ ಬರಲೇ ಇಲ್ಲ, ಕಾಲೇ ಬಂತು.

ಒಂದು ಭಾನುವಾರ ಬಾಪ ಕುರ್ಚಿಯಲ್ಲಿ ಕೂತಲ್ಲೇ ಪೇಪರು ಎದೆಯ ಮೇಲಿಟ್ಟು ನಿದ್ದೆ ಹೋಗಿದ್ದರು. ಬಾಗಿಲ ಸಂದಿಯಿಂದ ಇರುವೆಯ ಸಾಲೊಂದು ಹೊರಟು ಗೋಡೆಯಗುಂಟ ಬಂದು, ಕುರ್ಚಿಯ ಕಾಲನ್ನು ಬಿಟ್ಟು, ಬಾಪನ ಬಲಗಾಲಿಗೆ ಹೋಗಿತ್ತು. ಚರ್ಮದ ಹೊಲಿಗೆಯ ಹತ್ತಿರ ಗುಂಪಾಗಿತ್ತು. ನಾನು ಬಗ್ಗಿ ಜಿಪ್ಪಿಗೆ ಕೈ ಹಾಕಿದೆ, ಅಷ್ಟೇ. ಬಾಪ ಕಣ್ಣು ಬಿಟ್ಟರು. ಜನ್ಮದಲ್ಲಿ ನನ್ನ ಮೇಲೆ ದನಿ ಎತ್ತದವರು, "ಕೈ ತೆಗಿ! ವುಜೂ ಇದೆ ನಂದು!" ಎಂದು ಕಿರುಚಿದರು. ಚೀಲ ಕಾಲಿನಿಂದ ಕಳಚಿದರೆ ಅದರ ಮೇಲೆ ಸವರಿ ಮಾಡಿದ ವುಜೂ ನಿಲ್ಲುವುದಿಲ್ಲ. ಉಮ್ಮ ಓಡಿ ಬಂದಳು.

"ನಮಾಜಿನ ವಿಷಯದಲ್ಲಿ ಅವರ ಮೈಮೇಲೆ ಬೀಳಬೇಡ" ಎಂದಳು ನನಗೆ.

"ಇರುವೆ ನೋಡಿ ಉಮ್ಮ."

"ಖರ್ಜೂರ ಬಿದ್ದಿರಬೇಕು."

ಕಂಡದ್ದನ್ನು ಕಾಣಲಿಲ್ಲ ಅನ್ನುವುದರಲ್ಲಿ ಉಮ್ಮನನ್ನು ಮೀರಿಸುವವರಿಲ್ಲ. ದೊಡ್ಡಪ್ಪನ ಮನೆಯಲ್ಲಿ ನಡೆದದ್ದು ತನ್ನ ಮನೆಯಲ್ಲಿ ನಡೆಯುತ್ತಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಖರ್ಜೂರವೇ ಅವಳಿಗೆ ಸುಲಭ. ನಾನು ತಮ್ಮನಿಗೆ ಫೋನು ಮಾಡಿದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ಅವತ್ತು ಅಲ್ಲಿಂದ ಬಾಯಿಗೇ ಇಳಿದಿತ್ತು.

"ನಿನ್ನ ಉಡುಗೊರೆ ಬಿಚ್ಚಿ ಒಮ್ಮೆ ಬಾಪನ ಕಾಲು ನೋಡು. ನೀನು ಹೇಳಿದ್ರೆ ಕೇಳ್ತಾರೆ."

"ದೀದಿ, ಛೋಡ್ ನಾ. ನಿನಗೆ ಎಲ್ಲದರಲ್ಲೂ ಡೌಟು. ಒಬ್ಬ ಮನುಷ್ಯ ಶರೀಅತ್ ಕೊಟ್ಟ ಸವಲತ್ತು ತಗೊಂಡ್ರೆ ಅದರಲ್ಲೂ ಕಾಯಿಲೆ ಹುಡುಕ್ತೀಯಲ್ಲ. ಹೇಗೂ ದಿನಕ್ಕೊಂದು ಸಲ ಬಿಚ್ಚಿ ತೊಳೀಲೇಬೇಕು. ಗಾಯ ಇದ್ರೆ ಅವರೇ ನೋಡ್ತಿರ್ಲಿಲ್ವಾ?"

ಅವನಿಗೆ ಬೈದು ಫೋನಿಟ್ಟೆ. ಆದರೆ ಆ ಮಾತು ತಲೆಯಲ್ಲೇ ಕೂತಿತು. ದಿನಕ್ಕೊಂದು ಸಲ ಬಿಚ್ಚಲೇಬೇಕು. ಹಾಗಿದ್ದರೆ ಬಾಪ ಅದನ್ನು ಬಿಚ್ಚುವುದನ್ನು ಈ ಅಂಗೈ ಅಗಲದ ಮನೆಯಲ್ಲಿ ನಾವ್ಯಾರೂ ಯಾಕೆ ಕಂಡಿಲ್ಲ? ಉಮ್ಮನನ್ನು ಕೆದಕಿದೆ. ಬೆಳಿಗ್ಗೆ ಮಾಡುತ್ತಿದ್ದ ಸ್ನಾನವನ್ನು ಬಾಪ ಈಗ ಸಂಜೆಗೆ ತಂದಿದ್ದಾರಂತೆ. ಗೋಡೌನಿನಿಂದ ಬಂದ ಕೂಡಲೇ, ಉಮ್ಮ ಪಕ್ಕದ ಬಿಲ್ಡಿಂಗಿನ ಹೆಂಗಸರ ಜೊತೆ ಕುರ್‌ಆನ್ ಓದಲು ಹೋಗುವ ಹೊತ್ತಿಗೆ. ಆ ಹೊತ್ತಿಗೆ ನಾನು ಐರೋಲಿಯ ಆಫೀಸಿನಲ್ಲಿರುತ್ತೇನೆ. ಅಂದರೆ ದಿನದಲ್ಲಿ ಮನೆ ಖಾಲಿಯಿರುವುದು ಅದೊಂದೇ ಗಂಟೆ.

ಮರುದಿನ ಹೊಟ್ಟೆನೋವು ಎಂದು ಹೇಳಿ ಆಫೀಸು ಅರ್ಧಕ್ಕೆ ಬಿಟ್ಟೆ. ಠಾಣೆಯಲ್ಲಿ ಗಾಡಿ ಬದಲಿಸುವಾಗ ಫಾಸ್ಟ್ ಲೋಕಲ್ ಕಣ್ಣೆದುರೇ ತಪ್ಪಿತು. ಪ್ಲ್ಯಾಟ್‌ಫಾರ್ಮಿನಲ್ಲಿ ಜನ ಎಂದಿನಂತೆ ನೂಕಾಡುತ್ತಿದ್ದರು, ವಡಾಪಾವ್ ತಿನ್ನುತ್ತಿದ್ದರು. ನನಗೆ ಮಾತ್ರ ಎಲ್ಲರ ಕಾಲೇ ಕಾಣುತ್ತಿತ್ತು. ಚಪ್ಪಲಿ, ಬೂಟು, ಕೊಳೆಯಾದ ಹಿಮ್ಮಡಿ, ನೈಲ್‌ಪಾಲಿಶ್ ಹಚ್ಚಿದ ಬೆರಳು. ನನ್ನ ಲೆಕ್ಕ ತಪ್ಪಿರಲಿ, ತಮ್ಮನ ಎದುರು ನನ್ನ ಮಾನ ಹೋಗಲಿ ಎಂದು ದಾರಿಯುದ್ದಕ್ಕೂ ದುವಾ ಮಾಡಿದೆ.

ಬಾಗಿಲ ಕೀಲಿ ನನ್ನ ಹತ್ತಿರ ಇತ್ತು. ಸದ್ದಾಗದಂತೆ ತೆರೆದೆ. ಒಳಗಿನ ವಾಸನೆಗೆ ದುಪ್ಪಟ್ಟಾ ಮೂಗಿಗೆ ಒತ್ತಿಕೊಂಡೆ. ಅವತ್ತು ಅತ್ತರಿನ ಮುಚ್ಚಳ ಇನ್ನೂ ತೆರೆದಿರಲಿಲ್ಲ. ಮೋರಿಗೆ ಪರದೆ ಎಳೆದಿರಲಿಲ್ಲ. ಬಾಪ ಬನಿಯನ್ನು, ಲುಂಗಿಯಲ್ಲಿ ಮಣೆಯ ಮೇಲೆ ಕೂತಿದ್ದರು. ಬಲಗಾಲನ್ನು ಎಡ ತೊಡೆಯ ಮೇಲೇರಿಸಿ, ಉಮ್ಮನ ಕೈಗನ್ನಡಿಯನ್ನು ಪಾದದ ಅಡಿಗೆ ಹಿಡಿದು, ತಲೆ ವಾಲಿಸಿ ನೋಡುತ್ತಿದ್ದರು. ಪಕ್ಕದಲ್ಲಿ ಡೆಟಾಲ್ ಬಾಟಲಿ, ಹಳೇ ಬನಿಯನ್ನಿನ ಚೂರುಗಳು. ಕಾಲಿನ ಕಿರುಬೆರಳು ಇದ್ದ ಕಡೆ ಕಪ್ಪಗೆ ಒಣಗಿದ ಖರ್ಜೂರದಂಥದ್ದೇನೋ ಇತ್ತು. ಆ ಕಪ್ಪು ಪಕ್ಕದ ಬೆರಳಿಗೂ ಹತ್ತಿ, ಪಾದದ ಬದಿಗುಂಟ ಹಿಂದಕ್ಕೆ ಹೊರಟಿತ್ತು. ಅಡಿಯಲ್ಲಿ ಒಂದು ತೂತು. ಅದರೊಳಗೆ ಬೆಳ್ಳಗೆ ಕಂಡದ್ದು ಏನೆಂದು ನನಗೆ ಆಗ ಗೊತ್ತಾಗಲಿಲ್ಲ.

ಕನ್ನಡಿಯಲ್ಲಿ ಬಾಪ ನನ್ನನ್ನು ನೋಡಿರಬೇಕು. ತಿರುಗದೆಯೇ, "ಇಷ್ಟು ಬೇಗ ಬಂದ್ಯಾ?" ಎಂದರು.

ನಾನು ಬ್ಯಾಗು ನೆಲಕ್ಕಿಟ್ಟು ಮೋರಿಯ ಕಟ್ಟೆಯ ಹತ್ತಿರ ಹೋಗಿ ಕೂತೆ.

"ನೋವಿಲ್ಲ ಮಗಳೇ, ಅಲ್ಲಾಹನಾಣೆ. ಒಂಚೂರೂ ನೋವಿಲ್ಲ. ಬೂಟು ತಿಕ್ಕಿ ಗುಳ್ಳೆ ಆದದ್ದು. ಆ ಕಬ್ಬಿಣದ ಬೂಟು."

"ಎಷ್ಟು ದಿನದಿಂದ?"

"ಉಮ್ಮನಿಗೆ ಹೇಳಬೇಡ."

"ಬಾಪ, ಎಷ್ಟು ದಿನದಿಂದ?"

"ಬಕ್ರೀದ್ ಒಂದು ಕಳೀಲಿ" ಎಂದರು. ಈಗ ತಿರುಗಿ ನೋಡಿದರು. ಬೇಡುವವರ ಮುಖ ಅದು. ಅಂಥ ಮುಖವನ್ನು ಅವರ ಮೇಲೆ ಎಂದೂ ಕಂಡಿರಲಿಲ್ಲ. "ಈದ್ಗಾದಲ್ಲಿ ಒಮ್ಮೆ ಎಲ್ಲರ ಜೊತೆ ಸಾಲಿನಲ್ಲಿ ನಿಲ್ತೇನೆ. ಆಮೇಲೆ ನೀನು ಎಲ್ಲಿಗೆ ಕರೆದ್ರೂ ಬರ್ತೇನೆ. ಈಗ ಹೋದ್ರೆ ಅವರು ಕಡೀತಾರೆ. ಮೊದ್ಲು ಬೆರಳು ಅಂತಾರೆ. ನಂಗೆ ಗೊತ್ತುಂಟಲ್ಲ, ಬೆರಳಿಗೆ ನಿಲ್ಲುದಿಲ್ಲ ಅದು. ಕುರ್ಚಿಯಲ್ಲಿ ಕೂತು ನಮಾಜು ಮಾಡುದು ನನ್ನಿಂದ ಆಗುದಿಲ್ಲ."

ನನಗೆ ಅಳು ಬರಲಿಲ್ಲ, ಕೋಪ ಬಂತು. ಅವರ ಮೇಲೆ, ಉಮ್ಮನ ಖರ್ಜೂರದ ಮೇಲೆ, ತಮ್ಮನ ಪ್ರವಚನದ ಮೇಲೆ, ಬೂಟು ಬಿಚ್ಚಿಸದ ಡಾಕ್ಟರ ಮೇಲೆ. ದಿನಾ ಕಣ್ಣೆದುರು ತೊಳೆಯುತ್ತಿದ್ದ ಕಾಲನ್ನು ಮುಚ್ಚಿಡಲು ಈ ಮನುಷ್ಯನಿಗೆ ಸಿಕ್ಕಿದ್ದು ಯಾರೂ ಪ್ರಶ್ನೆ ಮಾಡದ ಒಂದು ಜಾಗ. ಒಂದು ಬ್ಯಾಂಡೇಜು ಸುತ್ತಿಕೊಂಡಿದ್ದರೆ ಅವತ್ತೇ ಹಿಡಿಯುತ್ತಿದ್ದೆವು. ಬಕ್ರೀದಿನವರೆಗೆ ಕಾಯುವ ಮಾತೇ ಇರಲಿಲ್ಲ. ತಮ್ಮನಿಗೆ ಕಾರು ತರಲು ಹೇಳಿದೆ, ಅವನು ಏನೋ ಕೇಳುವ ಮೊದಲೇ ಆ ಕಾಲಿನ ಫೋಟೋ ತೆಗೆದು ಕಳಿಸಿದೆ. ಆಮೇಲೆ ಅವನು ಏನೂ ಕೇಳಲಿಲ್ಲ.

ಹೋಟೆಲ್ ಮಾಮ ಮತ್ತು ತಮ್ಮ ಸೇರಿ ಬಾಪನನ್ನು ಕುರ್ಚಿ ಸಮೇತ ಕೆಳಗಿಳಿಸಿದರು. ಮಾಮ ಮೂಗಿಗೆ ಬಟ್ಟೆ ಹಿಡಿಯಲಿಲ್ಲ. ಅಷ್ಟರಲ್ಲಿ ಕುರ್‌ಆನ್ ಓದಿ ಬಂದಿದ್ದ ಉಮ್ಮ ಹಿಂದಿನ ಸೀಟಿನಲ್ಲಿ ಬಾಪನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಭಿವಂಡಿ ಬೈಪಾಸಿನಲ್ಲಿ ಕಂಟೇನರುಗಳ ಸಾಲು. ಬಾಪ ಕಿಟಕಿಯಿಂದ ಅವುಗಳ ನಂಬರ್ ಪ್ಲೇಟು ಓದುತ್ತಿದ್ದರು, ಗೇಟಿನಲ್ಲಿ ಓದುವ ಅಭ್ಯಾಸ. ಠಾಣೆ ಮುಟ್ಟುವ ಮುಂಚೆ ಮಾಜಿವಾಡಾದ ಹತ್ತಿರ ಗಾಡಿಗಳು ಪೂರ್ತಿ ನಿಂತುಬಿಟ್ಟವು. ಎಸಿಯ ಗಾಳಿಯಲ್ಲಿ ಆ ವಾಸನೆ ಕಾರಿನೊಳಗೇ ಸುತ್ತುತ್ತಿತ್ತು. ಕಿಟಕಿ ಇಳಿಸಲು ಯಾರೂ ಹೋಗಲಿಲ್ಲ, ಬಾಪನಿಗೆ ಬೇಸರವಾದೀತೆಂದು.

ಠಾಣೆಯ ಆಸ್ಪತ್ರೆಯ ಸರ್ಜನ್ ಕಾಲನ್ನು ನೋಡಿದ್ದು ಬಹಳ ಹೊತ್ತಲ್ಲ. ಒಂದು ಪಿನ್ನು ತೆಗೆದು ಹಿಮ್ಮಡಿಗೆ, ಪಾದಕ್ಕೆ, ಹರಡಿಗೆ ಚುಚ್ಚುತ್ತ ಬಾಪನ ಮುಖ ನೋಡಿದರು. ಹೊರಗೆ ಕರೆದು, ಬೆರಳಿನ ಪ್ರಶ್ನೆಯೇ ಇಲ್ಲ, ಪಾದದ್ದೂ ಇಲ್ಲ, ವಿಷ ಮೇಲೇರುತ್ತಿದೆ, ಮೊಣಕಾಲಿನ ಕೆಳಗಿನಿಂದ ತೆಗೆಯಬೇಕು, ತೆಗೆದರೂ ಈ ವಯಸ್ಸಿಗೆ, ಈ ಸಕ್ಕರೆಗೆ ಭರವಸೆ ಕೊಡಲಾರೆ ಎಂದರು. ನಾಳೆ ಬೆಳಿಗ್ಗೆ.

"ಇಷ್ಟು ದಿನ ನೋವೇ ಇಲ್ಲ ಅಂತ ನಮಗೆಲ್ಲ ಸುಳ್ಳು ಹೇಳ್ತಾ ಬಂದ್ರು ಡಾಕ್ಟರ್" ಎಂದೆ ನಾನು. ಯಾರ ಮೇಲಾದರೂ ಸಿಟ್ಟು ಹಾಕಬೇಕಿತ್ತು.

"ಸುಳ್ಳಲ್ಲ. ಸಕ್ಕರೆ ನರಗಳನ್ನ ತಿಂದುಬಿಟ್ಟಿದೆ" ಎಂದರು ಅವರು.

ವಾರ್ಡಿನಲ್ಲಿ ಬಾಪ ತಮ್ಮನನ್ನು ಹತ್ತಿರ ಕರೆದು ಕೇಳಿದ್ದು ಕಾಲಿನ ಬಗ್ಗೆ ಅಲ್ಲ. "ಸೋರುವ ಗಾಯ ಇಟ್ಕೊಂಡು, ಅದರ ಮೇಲೆ ಚರ್ಮ ಹಾಕಿ ಸವರಿ ಇಷ್ಟು ತಿಂಗಳು ನಮಾಜು ಮಾಡಿದೆ. ಆ ನಮಾಜು ಸಲ್ತದಾ?" ಎಂದು ಕೇಳಿದರು. ಎಲ್ಲದಕ್ಕೂ ಉತ್ತರ ಇಟ್ಟುಕೊಂಡು ತಿರುಗುವ ತಮ್ಮ ಗೋಡೆ ನೋಡಿದ. ಆಮೇಲೆ ಮೌಲಾನಾಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟ. ಅಲ್ಲಾಹನು ಕರುಣಾಮಯಿ, ಅದರ ಚಿಂತೆ ಈಗ ಬೇಡ, ಮೊದಲು ಗುಣವಾಗಿ ಎಂದು ಸಮಾಧಾನ ಹೇಳಿದ ಮೌಲಾನಾ ಕೊನೆಗೆ, "ಆದರೆ ಚಾಚಾ, ಗಾಯವಾದವನು ಕಾಲು ತೊಳೆಯಬೇಕಾಗಿಯೇ ಇರಲಿಲ್ಲವಲ್ಲ. ಪಟ್ಟಿ ಕಟ್ಟಿ, ಪಟ್ಟಿಯ ಮೇಲೆ ಸವರಿದ್ದರೂ ಆಗುತ್ತಿತ್ತು. ಗಾಯಾಳುವಿಗೂ ಸವಲತ್ತು ಇದೆ. ನಿಮಗೆ ಗೊತ್ತಿರಲಿಲ್ಲವೇ?" ಎಂದರು.

"ಗೊತ್ತಿತ್ತು. ಪಟ್ಟಿ ಕಾಣ್ತದೆ" ಎಂದರು ಬಾಪ.

ತಮ್ಮ ಫೋನು ಆರಿಸಿ ಹೊರಗೆ ಹೋದ. ಕಾರಿಡಾರಿನಲ್ಲಿ ಅವನು ಬಿಕ್ಕುವುದು ಕೇಳಿಸುತ್ತಿತ್ತು. ಅವನಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ನನ್ನ ಬಾಯಲ್ಲೇ ಉಳಿದವು. ಉಮ್ಮ ಎದ್ದು ಅವನ ಹತ್ತಿರ ಹೋದಳು. ಬಾಪನ ಪಕ್ಕ ನಾನೊಬ್ಬಳೇ.

ರಾತ್ರಿಯ ಇಶಾ ನಮಾಜಿನ ಹೊತ್ತಾಗಿತ್ತು. ಮಲಯಾಳಿ ಸಿಸ್ಟರ್ ಡ್ರೆಸ್ಸಿಂಗ್ ಬದಲಿಸಲು ಬಂದು ಪಟ್ಟಿ ಬಿಚ್ಚಿದ್ದಳು. ಬಾಪ ಅವಳಿಗೆ ಕೈ ಮುಗಿದು, "ಸಿಸ್ಟರ್, ಎರಡು ನಿಮಿಷ. ನಾಳೆ ಹೇಗೂ ಹೋಗ್ತದೆ. ಇವತ್ತೊಂದು ಸಲ ನೀರು ಹಾಕಿ ತೊಳೀತೇನೆ" ಎಂದರು. ಅವಳು ನನ್ನ ಮುಖ ನೋಡಿದಳು, ಕಾಲು ನೋಡಿದಳು. ಹಾಸಿಗೆಯ ತುದಿಗೆ ರಬ್ಬರ್ ಶೀಟು ಹಾಸಿ, ಕೆಳಗೆ ಬೇಸಿನ್ ಇಟ್ಟು ಪಕ್ಕಕ್ಕೆ ಸರಿದಳು.

ನಾನು ಜಗ್ಗಿನಲ್ಲಿ ನೀರು ತಂದೆ. ಬಾಪ ದಿಂಬಿಗೆ ಒರಗಿ ಕೂತರು. ಕೈ ತೊಳೆದರು, ಮುಕ್ಕಳಿಸಿದರು, ಮುಖ ತೊಳೆದರು. ನಾನು ಸುರಿಯುತ್ತ ಹೋದೆ, ಅವರು ಉಜ್ಜುತ್ತ ಹೋದರು. ತೋಳು, ತಲೆ, ಕಿವಿ ಆಯಿತು. ಬಗ್ಗಲು ಆಗುತ್ತಿರಲಿಲ್ಲ, ಅದಕ್ಕೆ ಕಾಲಿನ ಕೆಲಸ ನನಗೆ ಬಿಟ್ಟು ಹಿಂದಕ್ಕೊರಗಿ ಕಣ್ಣು ಮುಚ್ಚಿದರು. ಆ ಕಾಲನ್ನು ನೋಡಲಾರದವರಂತೆ ಕಂಡರು. ನಾನು ಹೊಸದಾಗಿ ಜಗ್ಗು ತುಂಬಿಸಿ ಬಲಗಾಲಿನ ಮೇಲೆ, ಹರಡಿನಿಂದ ಶುರುಮಾಡಿ ನಿಧಾನವಾಗಿ ಸುರಿದೆ. ಕೈಗವಸು ಹಾಕಿಕೊಂಡಿರಲಿಲ್ಲ. ಇನ್ನೂ ಉಳಿದಿದ್ದ ಬೆರಳುಗಳ ಸಂದಿಗೆ, ಅವರು ಮಾಡುತ್ತಿದ್ದಂತೆಯೇ, ನನ್ನ ಎಡಗೈಯ ಕಿರುಬೆರಳು ತೂರಿಸಿ ಉಜ್ಜಿದೆ. ಕಪ್ಪು ಜಾಗದ ಮೇಲೂ ಹಾಕಿದೆ, ತೂತಿನ ಮೇಲೂ ಹಾಕಿದೆ, ಹಿಮ್ಮಡಿಗೂ ಹಾಕಿದೆ. ಸಾಸಿವೆಯಷ್ಟೂ ಬಿಡಲಿಲ್ಲ. ಜಗ್ಗು ಪೂರ್ತಿ ಖಾಲಿಯಾಯಿತು. ಬೇಸಿನ್ನಿಗೆ ಹನಿ ಬೀಳುವ ಸದ್ದೂ ನಿಂತಿತು.

ಬಾಪ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದರು.

"ಹಾಕು ಮಗಳೇ," ಎಂದರು, "ಹೊತ್ತಾಗ್ತದೆ. ಬಲಗಾಲಿನಿಂದ ಶುರು ಮಾಡು."